ಮಾಡಿದ್ದುಣ್ಣೋ ಮಹಾರಾಯ: ಬಿಛ್ರಿಯ ಬಾವಿಗಳ ಬಾಕಿ ಲೆಕ್ಕ

"ಮಾಡಿದ್ದುಣ್ಣೋ ಮಹಾರಾಯ" ಅಂತ ನಮ್ಮ ಕಡೆ ಒಂದು ಮಾತಿದೆ. ಚಿಕ್ಕಂದಿನಲ್ಲಿ ಮನೆಯ ಹಿರಿಯರು ಬೈಯುವಾಗ ಬಳಸುತ್ತಿದ್ದ ಮಾತು. ಇದೇ ಮಾತನ್ನು ಜಗತ್ತಿನ ಶ್ರೀಮಂತ ದೇಶಗಳೆಲ್ಲ ಕೋಟು ಬೂಟು ಹಾಕಿಕೊಂಡು ಸಭೆ ಸೇರಿ ಒಂದು ತತ್ವವಾಗಿ ಒಪ್ಪಿಕೊಂಡವು ಅಂದರೆ ನಗು ಬರುತ್ತದೆ. ಆದರೆ ನಿಜ. 1972ರಲ್ಲಿ ಒಇಸಿಡಿ ಎಂಬ ಶ್ರೀಮಂತ ದೇಶಗಳ ಕೂಟ ಇದನ್ನು 'ಪೊಲ್ಯೂಟರ್ ಪೇಸ್' ಎಂದು ಕರೆಯಿತು. ಹೊಲಸು ಮಾಡಿದವನೇ ಹಣ ತೆರಬೇಕು ಅಂತ ಅರ್ಥ. 1992ರಲ್ಲಿ ಬ್ರೆಜಿಲ್‌ನ ರಿಯೋ ನಗರದಲ್ಲಿ ನಡೆದ ಭೂ ಶೃಂಗಸಭೆಯ ಘೋಷಣೆಯಲ್ಲಿ ಅದು 16ನೇ ತತ್ವವಾಗಿ ಸೇರಿತು.

ತತ್ವವೇನೋ ಸರಿ. ಅದನ್ನು ಬೇಡ ಅನ್ನುವವರು ಯಾರೂ ಸಿಗುವುದಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿದ ನನ್ನ ಬ್ಯಾಂಕ್ ನೌಕರಿಯಲ್ಲಿ, ಸಾಲ ತೀರಿಸಬಾರದು ಎಂದು ವಾದ ಮಾಡಿದ ಸಾಲಗಾರನನ್ನು ನಾನು ಒಬ್ಬನನ್ನೂ ನೋಡಿಲ್ಲ. ಎಲ್ಲರೂ ತೀರಿಸಬೇಕು ಅಂತಲೇ ಹೇಳುತ್ತಾರೆ. ಜಗಳ ಇರುವುದು ಯಾವಾಗ, ಎಷ್ಟು, ಯಾರ ಜೇಬಿನಿಂದ ಎಂಬುದರಲ್ಲಿ. ಪರಿಸರದ ಸಾಲವೂ ಹಾಗೇ. ಅದರ ಕಥೆಯನ್ನು ಒಬ್ಬ ಬಿಕಾಂ ಓದಿದವನ ಕಣ್ಣಿನಿಂದ ಹೇಳೋಣ ಅಂತ ಈ ಬರಹ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಊರಿನ ಅಂಚಿಗೇ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳು. 2014ರ ಜನವರಿಯಲ್ಲಿ ಇಲ್ಲಿ ಹಸಿರು ಬಣ್ಣದ ಮಳೆ ಬಿದ್ದು ಸುದ್ದಿಯಾಗಿತ್ತು. 2020ರ ಫೆಬ್ರುವರಿಯಲ್ಲಿ ಒಂದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿತು, ಮುಖ್ಯಮಂತ್ರಿಗಳೇ ಬಂದು ನೋಡಿಹೋದರು. ಆಗ ನಮ್ಮ ಲೋಕಲ್ ಟ್ರೇನಿನ ಗುಂಪಿನಲ್ಲಿ ಭಾರಿ ಚರ್ಚೆ. ರಸ್ತೆ ತೊಳೆಯಬೇಕಾದದ್ದು ಯಾರು? ಪಾಲಿಕೆ ಅಂದರು ಒಬ್ಬರು. ಕಾರ್ಖಾನೆಯವರು ಅಂದರು ಇನ್ನೊಬ್ಬರು. ಯಾವ ಕಾರ್ಖಾನೆ ಅಂತ ಹೇಗೆ ಗೊತ್ತಾಗುತ್ತೆ, ಸರ್ಕಾರವೇ ಮಾಡಬೇಕು ಅಂದರು ಮೂರನೆಯವರು. ದಾದರ್ ಬಂದರೂ ತೀರ್ಮಾನವಾಗಲಿಲ್ಲ. ಆ ಹೊತ್ತಿನಲ್ಲಿ ನಾನು ಹುಡುಕಿ ಓದಿದ್ದು ರಾಜಸ್ಥಾನದ ಒಂದು ಹಳ್ಳಿಯ ಕೇಸು. ಈ ಪ್ರಶ್ನೆಗೆ ನಮ್ಮ ದೇಶದ ಸುಪ್ರೀಂ ಕೋರ್ಟು ಕೊಟ್ಟ ಅತ್ಯಂತ ಸ್ಪಷ್ಟ ಉತ್ತರ ಆ ಕೇಸಿನಲ್ಲಿದೆ. ಅದರಲ್ಲಿ ಚಕ್ರಬಡ್ಡಿಯ ಲೆಕ್ಕವೂ ಇದೆ, ಹಾಗಾಗಿ ನನಗೆ ಸ್ವಲ್ಪ ಹೆಚ್ಚು ಇಷ್ಟವಾಯಿತು ಅಂತಲೂ ಹೇಳಬೇಕು!

ಹಳ್ಳಿಯ ಹೆಸರು ಬಿಛ್ರಿ. ಉದಯಪುರ ಜಿಲ್ಲೆ. ಉದಯಪುರ ಅಂದಕೂಡಲೇ ನಮಗೆ ನೆನಪಾಗುವುದು ಸರೋವರಗಳು, ಅರಮನೆಗಳು, ಪ್ಯಾಕೇಜ್ ಟೂರು. ಬಿಛ್ರಿಗೆ ಪ್ರವಾಸಿಗಳು ಯಾರೂ ಹೋಗುವುದಿಲ್ಲ. ಬಾವಿ ನೀರನ್ನು ನಂಬಿ ಬೇಸಾಯ ಮಾಡುತ್ತಿದ್ದ ಸಾಧಾರಣ ಹಳ್ಳಿ ಅದು. 1987ರಲ್ಲಿ ಅಲ್ಲಿ ಹಿಂದುಸ್ತಾನ್ ಆಗ್ರೋ ಕೆಮಿಕಲ್ಸ್ ಎಂಬ ಕಂಪನಿ ಗಂಧಕಾಮ್ಲ ಮತ್ತು ಸೂಪರ್ ಫಾಸ್ಫೇಟ್ ಗೊಬ್ಬರ ತಯಾರಿಸಲು ಶುರು ಮಾಡಿತು. 1988ರ ಫೆಬ್ರುವರಿಯಲ್ಲಿ ಅದೇ ಆವರಣದಲ್ಲಿ ಸಿಲ್ವರ್ ಕೆಮಿಕಲ್ಸ್ ಎಂಬ ಸೋದರ ಸಂಸ್ಥೆ ಎಚ್ ಆಸಿಡ್ ಎಂಬ ವಸ್ತುವನ್ನು ತಯಾರಿಸತೊಡಗಿತು. ಜ್ಯೋತಿ ಕೆಮಿಕಲ್ಸ್ ಎಂಬ ಇನ್ನೊಂದು ಘಟಕವೂ ಅದನ್ನೇ ತಯಾರಿಸಿತು.

ಎಚ್ ಆಸಿಡ್ ಅಂದರೆ ಏನು? ಹತ್ತಿ ಬಟ್ಟೆಗೆ ಹಾಕುವ ಗಾಢ ಬಣ್ಣಗಳಿಗೆ ಬೇಕಾದ ಮೂಲವಸ್ತು. ನಾವು ಬಟ್ಟೆ ನಡುವೆ ಇಡುವ ನುಸಿಗುಳಿಗೆ ಇದೆಯಲ್ಲ, ಆ ನ್ಯಾಫ್ತಲೀನಿನಿಂದ ಶುರುವಾಗುತ್ತದೆ ಅದರ ಅಡುಗೆ. ಗಂಧಕಾಮ್ಲ, ನೈಟ್ರಿಕ್ ಆಮ್ಲ, ಕಬ್ಬಿಣದ ಪುಡಿ, ಕಾಸ್ಟಿಕ್ ಸೋಡಾ ಹೀಗೆ ಒಂದೊಂದು ಹಂತದಲ್ಲಿ ಒಂದೊಂದು ಸೇರುತ್ತದೆ. ಆಮ್ಲವನ್ನು ತಣಿಸಲು ಸುಣ್ಣ ಹಾಕಿದರೆ ಜಿಪ್ಸಂ ಕೆಸರು ಉಳಿಯುತ್ತದೆ, ಕಬ್ಬಿಣದ ಪುಡಿ ಬಳಸಿದಲ್ಲಿ ಕಬ್ಬಿಣದ ಕೆಸರು ಉಳಿಯುತ್ತದೆ. ಜೊತೆಗೆ ಕಪ್ಪು ಬಣ್ಣದ, ಆಮ್ಲ ತುಂಬಿದ ತ್ಯಾಜ್ಯ ನೀರು. ಪಾಶ್ಚಾತ್ಯ ದೇಶಗಳಲ್ಲಿ ಇದರ ತಯಾರಿಕೆಯನ್ನೇ ನಿಷೇಧಿಸಿದ್ದರೂ ಅಲ್ಲಿ ಬೇಡಿಕೆ ಮಾತ್ರ ಇದ್ದೇ ಇತ್ತು ಎಂದು ಕೋರ್ಟಿನ ತೀರ್ಪಿನಲ್ಲೇ ಇದೆ. ಬಿಛ್ರಿಯಲ್ಲಿ ತಯಾರಾದದ್ದು ರಫ್ತಿಗೆ. ಬಣ್ಣ ಅವರಿಗೆ, ಬಗ್ಗಡ ನಮಗೆ.

ಈಗ ಲೆಕ್ಕ ನೋಡಿ. ಅಲ್ಲಿ ತಯಾರಾದ ಎಚ್ ಆಸಿಡ್ ಒಟ್ಟು ಸುಮಾರು 375 ಟನ್. ಅದರಿಂದ ಹುಟ್ಟಿದ ಕೆಸರು ಸುಮಾರು 2,440 ಟನ್. ತ್ಯಾಜ್ಯ ನೀರು ಸುಮಾರು 8,250 ಘನ ಮೀಟರ್. ಅಂದರೆ ಒಂದು ಕಿಲೋ ಮಾಲು ತಯಾರಾದರೆ ಆರೂವರೆ ಕಿಲೋ ವಿಷದ ಕೆಸರು, 22 ಲೀಟರ್ ವಿಷದ ನೀರು! ಯಾವ ಅಂಗಡಿಯವನಾದರೂ ಹೀಗೆ ಒಂದು ಕಿಲೋ ಸಕ್ಕರೆ ಮಾರಿ ಆರೂವರೆ ಕಿಲೋ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಸುರಿದರೆ ಊರು ಸುಮ್ಮನಿರುತ್ತದೆಯೇ?

ಸುರಿದದ್ದು ಹಾಗೇ. ಕೆಸರನ್ನು ಆವರಣದಲ್ಲೂ ಸುತ್ತಮುತ್ತಲೂ ಬಯಲಲ್ಲಿ ರಾಶಿ ಹಾಕಿದರು, ನೀರನ್ನು ಹರಿಯಬಿಟ್ಟರು. ಮಳೆ ಬಂದಾಗ ಕೆಸರಿನ ರಸ ನೆಲದೊಳಗೆ ಇಳಿಯಿತು. ಅಂತರ್ಜಲಕ್ಕೆ ಬೇಲಿ ಇಲ್ಲವಲ್ಲ. ಸುಮಾರು 350 ಹೆಕ್ಟೇರ್ ಪ್ರದೇಶದಲ್ಲಿ ಹರಡಿದ್ದ 60ರಷ್ಟು ಬಾವಿಗಳ ನೀರು ಕಪ್ಪಾಗಿ ಕೆಟ್ಟುಹೋಯಿತು. ಕುಡಿಯಲು ಬಾರದು, ದನಕರುಗಳಿಗೆ ಬಾರದು, ಹೊಲಕ್ಕೂ ಬಾರದು. ಇವೆಲ್ಲ ಆದದ್ದು ಒಂದು ವರ್ಷದ ಒಳಗೆ. ಜನ ದಂಗೆ ಎದ್ದರು. ಜಿಲ್ಲಾಧಿಕಾರಿ 144ನೇ ಕಲಂ ಜಾರಿ ಮಾಡಬೇಕಾಯಿತು. 1989ರ ಜನವರಿಯಲ್ಲಿ ಸಿಲ್ವರ್ ಕೆಮಿಕಲ್ಸ್ ಮುಚ್ಚಿತು.

ಕಾರ್ಖಾನೆ ಮುಚ್ಚಿತು, ಕೆಸರು ಉಳಿಯಿತು. ಇಲ್ಲಿಂದಲೇ ನಮ್ಮ ಪ್ರಶ್ನೆ ಶುರುವಾಗುವುದು. ಮಾಲು ಹಡಗು ಹತ್ತಿ ಹೋಗಿದೆ, ಹಣ ಬಂದು ಸೇರಿದೆ, ಬಾವಿಗಳು ಕಪ್ಪಾಗಿವೆ. ಈಗ ಯಾರು ಸ್ವಚ್ಛ ಮಾಡಬೇಕು?

1989ರ ಆಗಸ್ಟಿನಲ್ಲಿ ಇಂಡಿಯನ್ ಕೌನ್ಸಿಲ್ ಫಾರ್ ಎನ್ವಿರೋ-ಲೀಗಲ್ ಆಕ್ಷನ್ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಕೋರ್ಟು ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳನ್ನು ಕಳಿಸಿತು, ಕೆಸರನ್ನು ಒಟ್ಟುಗೂಡಿಸಿ ಸುರಕ್ಷಿತವಾಗಿ ಇಡುವಂತೆ ಆದೇಶಿಸಿತು. ಕಂಪನಿಯವರು ಒಂದು ಭಾಗವನ್ನು ಮಾತ್ರ ಗುಂಡಿಯಲ್ಲಿ ಇಟ್ಟು, ಉಳಿದದ್ದನ್ನು ಮಣ್ಣಿನಲ್ಲಿ ಹರಡಿ ಮೇಲೆ ಮಣ್ಣು ಮುಚ್ಚಿದರು. ತಪಾಸಣೆಗೆ ಬಂದವರಿಗೆ ಕಾಣಬಾರದಲ್ಲ! ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ. ಆದರೆ ಬ್ಯಾಲೆನ್ಸ್ ಶೀಟಿನಲ್ಲಿ ಅಡಗಿಸಿಟ್ಟದ್ದು ಕಾಗದದ ಮೇಲೆ ಕೂತಿರುತ್ತದೆ. ಮಣ್ಣಲ್ಲಿ ಅಡಗಿಸಿಟ್ಟದ್ದು ಪ್ರತಿ ಮಳೆಗಾಲದಲ್ಲಿ ಇನ್ನಷ್ಟು ದೂರ ಹೋಗುತ್ತದೆ.

ಕೋರ್ಟಿಗೆ ಕಾನೂನು ಎಲ್ಲಿಂದ ಬಂತು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1868ರಲ್ಲಿ ಇಂಗ್ಲೆಂಡಿನಲ್ಲಿ ರೈಲಂಡ್ಸ್ ಮತ್ತು ಫ್ಲೆಚರ್ ಎಂಬಿಬ್ಬರ ವ್ಯಾಜ್ಯ ತೀರ್ಮಾನವಾಯಿತು. ರೈಲಂಡ್ಸ್ ತನ್ನ ಗಿರಣಿಗೆಂದು ಕಟ್ಟಿಸಿದ ಕೆರೆಯ ನೀರು, ಕೆಳಗಿದ್ದ ಹಳೇ ಸುರಂಗಗಳ ಮೂಲಕ ನುಗ್ಗಿ ಪಕ್ಕದವನ ಕಲ್ಲಿದ್ದಲ ಗಣಿ ತುಂಬಿಕೊಂಡಿತು. ತನ್ನ ಜಾಗದಲ್ಲಿ ಅಪಾಯದ ವಸ್ತು ತಂದಿಟ್ಟುಕೊಂಡವನು ಅದು ತಪ್ಪಿಸಿಕೊಂಡು ಹೋಗಿ ಮಾಡುವ ಹಾನಿಗೆ ಹೊಣೆ ಎಂದು ಅಲ್ಲಿನ ಕೋರ್ಟು ಹೇಳಿತು. ಆದರೆ ಆ ನಿಯಮಕ್ಕೆ ವಿನಾಯಿತಿಗಳು ಹಲವು. ದೈವಾಧೀನ, ಹೊರಗಿನವರ ಕೈವಾಡ ಹೀಗೆ ತಪ್ಪಿಸಿಕೊಳ್ಳುವ ಕಿಂಡಿಗಳು ಇದ್ದವು.

ಭೋಪಾಲ್ ದುರಂತವಾದ ಒಂದು ವರ್ಷಕ್ಕೆ ಸರಿಯಾಗಿ, 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದ ಐದು ಜನರ ಪೀಠ 1986ರ ಡಿಸೆಂಬರಿನಲ್ಲಿ ಆ ಕಿಂಡಿಗಳನ್ನೆಲ್ಲ ಮುಚ್ಚಿತು. ಅಪಾಯಕಾರಿ ಉದ್ಯಮ ನಡೆಸಿ ಲಾಭ ಮಾಡುವವನು ಹಾನಿಯಾದರೆ ಸಂಪೂರ್ಣ ಹೊಣೆ, ನಾನು ಎಚ್ಚರವಾಗಿಯೇ ಇದ್ದೆ ಅನ್ನುವ ನೆಪ ನಡೆಯುವುದಿಲ್ಲ ಎಂದಿತು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ನಿಯಮ ನಮಗೆ ಸಾಲದು ಎಂದು ಹೇಳಿದ ತೀರ್ಪು ಅದು.

ಬಿಛ್ರಿ ಕಂಪನಿಗಳ ವಕೀಲರು, ಆ ಮಾತು ತೀರ್ಪಿಗೆ ಅಗತ್ಯವಿರಲಿಲ್ಲ, ಪ್ರಾಸಂಗಿಕವಾಗಿ ಹೇಳಿದ್ದು, ಆದ್ದರಿಂದ ನಮಗೆ ಅನ್ವಯಿಸುವುದಿಲ್ಲ ಎಂದು ವಾದಿಸಿದರು. 1996ರ ಫೆಬ್ರುವರಿ 13ರಂದು ನ್ಯಾಯಮೂರ್ತಿಗಳಾದ ಬಿ.ಪಿ. ಜೀವನ್ ರೆಡ್ಡಿ ಮತ್ತು ಬಿ.ಎನ್. ಕಿರ್ಪಾಲ್ ಅವರ ಪೀಠ ಅದನ್ನು ತಳ್ಳಿಹಾಕಿತು. ಪೊಲ್ಯೂಟರ್ ಪೇಸ್ ತತ್ವ ನಮ್ಮ ನೆಲದ ಕಾನೂನಿನ ಒಳಗೆ ಬಂದು ಕೂತದ್ದು ಹೀಗೆ. ತೀರ್ಪಿನ ಒಂದು ಅಂಶ ಬಹಳ ಮುಖ್ಯ. ಹೊಣೆ ಅಂದರೆ ಜನರಿಗೆ ಪರಿಹಾರ ಕೊಡುವುದಷ್ಟೇ ಅಲ್ಲ, ಕೆಟ್ಟ ಮಣ್ಣು ನೀರನ್ನು ಮೊದಲಿನ ಸ್ಥಿತಿಗೆ ತರುವ ಖರ್ಚೂ ಅದರಲ್ಲಿ ಸೇರಿದೆ. ಆ ಖರ್ಚು ಎಷ್ಟು ಅಂತ ಕೇಂದ್ರ ಸರ್ಕಾರ ನಿರ್ಧರಿಸಬೇಕು, ಕಂಪನಿ ಕೊಡದಿದ್ದರೆ ಅದರ ಆಸ್ತಿಯಿಂದ ವಸೂಲು ಮಾಡಬೇಕು, ಅಲ್ಲಿಯವರೆಗೆ ಕಾರ್ಖಾನೆ, ಯಂತ್ರ, ಜಮೀನು ಎಲ್ಲ ಜಪ್ತಿ. ಇದು ಆದೇಶ.

ಸ್ವಚ್ಛತೆಯ ಖರ್ಚು ಎಷ್ಟಾಯಿತು? 37.385 ಕೋಟಿ ರೂಪಾಯಿ. ನನ್ನ ಕೈ ಸುಮ್ಮನಿರದೆ ಕ್ಯಾಲ್ಕುಲೇಟರ್ ಹಿಡಿಯಿತು. 375 ಟನ್ ಅಂದರೆ 3,75,000 ಕಿಲೋ. ಭಾಗಿಸಿದರೆ ಕಿಲೋಗೆ 997 ರೂಪಾಯಿ. ಅಂದರೆ ಅಲ್ಲಿ ತಯಾರಾದ ಪ್ರತಿ ಕಿಲೋ ಎಚ್ ಆಸಿಡ್ಡಿನ ಹಿಂದೆ ಹೆಚ್ಚುಕಡಿಮೆ ಒಂದು ಸಾವಿರ ರೂಪಾಯಿಯ ಸಾಲ ಬಿಛ್ರಿಯ ನೆಲದಲ್ಲಿ ಬಾಕಿ ಇತ್ತು. ರಫ್ತಿನ ಇನ್‌ವಾಯ್ಸ್‌ನಲ್ಲಿ ಅದನ್ನು ಬರೆಯುವ ಕಾಲಂ ಇರುವುದಿಲ್ಲ.

ತೀರ್ಪು ಬಂತು, ಇನ್ನು ಹಣ ಬಂದಂತೆಯೇ ಅಂದುಕೊಂಡಿರಾ? ಅಲ್ಲೇ ನೋಡಿ ಸ್ವಾರಸ್ಯ. ಕಂಪನಿ ಒಂದರ ಹಿಂದೆ ಒಂದು ಅರ್ಜಿ ಹಾಕುತ್ತ ಹೋಯಿತು. ತೀರ್ಪು ಮರುಪರಿಶೀಲಿಸಿ, ವರದಿ ಮರುಪರಿಶೀಲಿಸಿ, ಮೊತ್ತ ಸರಿಯಿಲ್ಲ, ಮಾಲಿನ್ಯವೇ ಈಗ ಇಲ್ಲ. ಹೀಗೆ ಹದಿನೈದು ವರ್ಷ. ಹೊಸ ಸಾಲದ ಅರ್ಜಿಗಿಂತ ಹೆಚ್ಚು ಕಾಗದ ಕಂತು ತಪ್ಪಿಸುವವನ ಫೈಲಿನಲ್ಲಿ ಇರುತ್ತದೆ ಅಂತ ನಮ್ಮಲ್ಲಿ ತಮಾಷೆ ಮಾಡುತ್ತಾರೆ, ಹಾಗಾಯಿತು.

2011ರ ಜುಲೈ 18ರಂದು ನ್ಯಾಯಮೂರ್ತಿ ದಲವೀರ್ ಭಂಡಾರಿ ಮತ್ತು ನಮ್ಮ ಚಿಕ್ಕಮಗಳೂರು ಕಡೆಯವರಾದ ನ್ಯಾಯಮೂರ್ತಿ ಎಚ್.ಎಲ್. ದತ್ತು (ಮುಂದೆ ಅವರು ದೇಶದ ಮುಖ್ಯ ನ್ಯಾಯಮೂರ್ತಿಯೂ ಆದರು) ಅವರ ಪೀಠ ಈ ಅರ್ಜಿಗಳನ್ನು ವಜಾ ಮಾಡಿತು. ಅಷ್ಟಕ್ಕೇ ಬಿಡಲಿಲ್ಲ. 37.385 ಕೋಟಿಯ ಮೇಲೆ 1997ರ ನವೆಂಬರ್ 4ರಿಂದ ಹಣ ಪಾವತಿಯಾಗುವ ದಿನದ ತನಕ ಶೇಕಡಾ 12ರ ಚಕ್ರಬಡ್ಡಿ ಕೊಡಬೇಕು, ವ್ಯಾಜ್ಯವನ್ನು ಎಳೆದಾಡಿದ್ದಕ್ಕೆ 10 ಲಕ್ಷ ರೂಪಾಯಿ ಖರ್ಚು ಬೇರೆ ಎಂದಿತು.

ಸರಳ ಬಡ್ಡಿ ಅಲ್ಲ, ಚಕ್ರಬಡ್ಡಿ. ಇದರ ತೂಕ ಗೊತ್ತಾಗಬೇಕಾದರೆ ಲೆಕ್ಕ ಮಾಡಲೇಬೇಕು. ಶೇಕಡಾ 12ರಲ್ಲಿ ಹಣ ಆರು ವರ್ಷಕ್ಕೆ ಸುಮಾರು ಎರಡರಷ್ಟಾಗುತ್ತದೆ. ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿದರೆ 37 ಕೋಟಿ ಚಿಲ್ಲರೆ ಆರು ವರ್ಷಕ್ಕೆ 74 ಕೋಟಿ, ಹನ್ನೆರಡು ವರ್ಷಕ್ಕೆ 146 ಕೋಟಿ, ತೀರ್ಪಿನ ದಿನಕ್ಕೆ ಸುಮಾರು 176 ಕೋಟಿ. ಸರಳ ಬಡ್ಡಿಯಾಗಿದ್ದರೆ ಸುಮಾರು 99 ಕೋಟಿ ಆಗುತ್ತಿತ್ತು. ನಡುವಿನ ವ್ಯತ್ಯಾಸ 77 ಕೋಟಿಯಷ್ಟು. ಇದು ಶಿಕ್ಷೆಯೇ? ಅಲ್ಲ ಅನ್ನುತ್ತದೆ ತೀರ್ಪಿನ ತರ್ಕ. ಕೊಡಬೇಕಾದ ಹಣವನ್ನು ಕೊಡದೆ ಇಟ್ಟುಕೊಂಡವನು ಅಷ್ಟು ವರ್ಷ ಅದನ್ನು ಬಳಸಿ ಲಾಭ ಮಾಡಿಕೊಂಡಿರುತ್ತಾನೆ, ಆ ಲಾಭವನ್ನೂ ಅವನಿಂದ ವಾಪಸು ಪಡೆಯಬೇಕು, ಕೋರ್ಟಿನಲ್ಲಿ ಕಾಲ ತಳ್ಳುವುದು ಯಾರಿಗೂ ಲಾಭದ ವ್ಯವಹಾರ ಆಗಬಾರದು ಎಂದು ಪೀಠ ಉದ್ದಕ್ಕೆ ವಿವರಿಸಿದೆ. ಒಂದು ಬ್ಯಾಂಕಿಂಗ್ ಪಠ್ಯಪುಸ್ತಕಕ್ಕೆ ಹಾಗೇ ಸೇರಿಸಬಹುದು ಆ ಪುಟಗಳನ್ನು.

ನನಗೆ ಈ ತೀರ್ಪಿನಲ್ಲಿ ಕಂಡ ದೊಡ್ಡ ಮಾತು ಇದು. ಸ್ವಚ್ಛ ಮಾಡದೆ ಕಳೆದ ಪ್ರತಿ ವರ್ಷ ಒಂದು ಸಾಲ. ಅದನ್ನು ಕೊಟ್ಟವರು ಬಿಛ್ರಿಯ ರೈತರು. ಅವರು ಅರ್ಜಿಗೆ ಸಹಿ ಹಾಕಿ ಕೊಟ್ಟದ್ದಲ್ಲ, ಅವರನ್ನು ಯಾರೂ ಕೇಳಿಯೇ ಇಲ್ಲ. ದೂರದಿಂದ ನೀರು ಹೊತ್ತು, ಪಾಳು ಬಿದ್ದ ಹೊಲ ನೋಡುತ್ತ ಅವರು ಆ ಸಾಲ ಕೊಟ್ಟರು. ಆದರೆ ಚಕ್ರಬಡ್ಡಿ ಕೋಟಿಗಳಲ್ಲಿ ಬೆಳೆದರೂ ಕಾಗದದ ಮೇಲಿನ ಸೊನ್ನೆಗಳು ಬಾವಿಯ ನೀರನ್ನು ತಿಳಿ ಮಾಡುವುದಿಲ್ಲ. 1989ರಲ್ಲಿ ಎತ್ತಿ ಹಾಕಬಹುದಾಗಿದ್ದ ಕೆಸರು 2011ರ ಹೊತ್ತಿಗೆ ಎಷ್ಟು ಮಳೆ ಕಂಡಿರಬೇಕು!

ಹಾಗಾದರೆ ಮೊದಲು ಸ್ವಚ್ಛ ಮಾಡಿ, ಆಮೇಲೆ ಬಿಲ್ ಕಳಿಸಿದರೆ ಹೇಗೆ? ಅಮೆರಿಕ ಮಾಡಿದ್ದು ಅದನ್ನೇ. ನಯಾಗರಾ ಜಲಪಾತದ ಊರಿನಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆ ಇತ್ತು. ಹೂಕರ್ ಎಂಬ ರಾಸಾಯನಿಕ ಕಂಪನಿ 1940 ಮತ್ತು 50ರ ದಶಕಗಳಲ್ಲಿ ಅದರೊಳಗೆ ಸುಮಾರು 20 ಸಾವಿರ ಟನ್ ತ್ಯಾಜ್ಯ ಹೂತಿತು. 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಕೇವಲ ಒಂದು ಡಾಲರಿಗೆ ಮಾರಿತು, ಮುಂದೆ ಏನಾದರೂ ನಾವು ಹೊಣೆಯಲ್ಲ ಅಂತ ಪತ್ರದಲ್ಲಿ ಬರೆಸಿಕೊಂಡು! ಅದರ ಮೇಲೆ ಶಾಲೆ, ಸುತ್ತ ಮನೆಗಳು ಎದ್ದವು. 1978ರಲ್ಲಿ ವಿಷ ನೆಲಮಾಳಿಗೆಗಳಿಗೆ ಉಕ್ಕಿ ಬಂದು ತುರ್ತುಸ್ಥಿತಿ ಘೋಷಿಸಬೇಕಾಯಿತು. 1980ರ ಡಿಸೆಂಬರಿನಲ್ಲಿ ಸೂಪರ್ ಫಂಡ್ ಕಾನೂನು ಬಂತು. ತೈಲ ಮತ್ತು ರಾಸಾಯನಿಕ ಉದ್ಯಮದ ಮೇಲೆ ತೆರಿಗೆ ಹಾಕಿ ಒಂದು ನಿಧಿ, ಸರ್ಕಾರ ಮೊದಲು ಸ್ವಚ್ಛ ಮಾಡುವುದು, ಆಮೇಲೆ ಹೊಣೆಗಾರರಿಂದ ವಸೂಲಿ. ಹೂಕರನ್ನು ಕೊಂಡಿದ್ದ ಆಕ್ಸಿಡೆಂಟಲ್ ಕಂಪನಿ 1995ರಲ್ಲಿ ಅಲ್ಲಿನ ಕೇಂದ್ರ ಸರ್ಕಾರಕ್ಕೆ 12.9 ಕೋಟಿ ಡಾಲರ್ ಕೊಡಲು ಒಪ್ಪಿತು. ಅದೇ 1995ರ ಕೊನೆಗೆ ಆ ತೆರಿಗೆಯ ಅವಧಿ ಮುಗಿದು ನಿಧಿ ಒಣಗುತ್ತ ಬಂತು, ಮತ್ತೆ ತೆರಿಗೆ ತರಲು 2021ರ ತನಕ ಕಾಯಬೇಕಾಯಿತು ಅನ್ನುವುದು ಬೇರೆ ಮಾತು.

ನಮ್ಮ ಭೋಪಾಲಿನ ಕಥೆ ಇದಕ್ಕೆ ತದ್ವಿರುದ್ಧ. ಯೂನಿಯನ್ ಕಾರ್ಬೈಡ್ 1989ರಲ್ಲಿ 47 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದು ಅನಿಲ ಸೋರಿಕೆಯ ಲೆಕ್ಕ. ಅದಕ್ಕೂ ಮುಂಚೆ ವರ್ಷಗಟ್ಟಲೆ ಕಾರ್ಖಾನೆಯ ಒಳಗೂ ಹೊರಗೂ ಸುರಿದ ತ್ಯಾಜ್ಯದ ಲೆಕ್ಕ ಹಾಗೇ ಉಳಿಯಿತು. 1991ರ ಮರುಪರಿಶೀಲನಾ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಪರಿಹಾರದ ಹಣ ಸಾಲದೆ ಬಂದರೆ ಕೊರತೆಯನ್ನು ಭಾರತ ಸರ್ಕಾರ ತುಂಬಿಕೊಡಬೇಕು ಎಂದು ಅದರಲ್ಲಿದೆ. ಹೆಚ್ಚಿನ ಹಣಕ್ಕಾಗಿ ಸರ್ಕಾರ 2010ರಲ್ಲಿ ಹಾಕಿದ ಕ್ಯುರೇಟಿವ್ ಅರ್ಜಿ 2023ರ ಮಾರ್ಚಿನಲ್ಲಿ ವಜಾ ಆಯಿತು. ಕೊನೆಗೆ ಮಧ್ಯಪ್ರದೇಶ ಹೈಕೋರ್ಟಿನ ಆದೇಶದಂತೆ 2025ರ ಜನವರಿಯಲ್ಲಿ 337 ಟನ್ ತ್ಯಾಜ್ಯವನ್ನು ಪೀಥಮ್‌ಪುರಕ್ಕೆ ಸಾಗಿಸಿ, ಜೂನ್ ಕೊನೆಯ ಹೊತ್ತಿಗೆ ಸುಟ್ಟು ಮುಗಿಸಿದರು. ಅದಕ್ಕೆ ಮಂಜೂರಾದ 126 ಕೋಟಿ ರೂಪಾಯಿ ಕೇಂದ್ರ ಸರ್ಕಾರದ್ದು. ಅಂದರೆ ನನ್ನದು, ನಿಮ್ಮದು. ಕಿಲೋಗೆ 3,700 ರೂಪಾಯಿಗೂ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ. ಇಷ್ಟಾಗಿಯೂ ಅಲ್ಲಿನ ಮಣ್ಣು, ಅಂತರ್ಜಲ ಇದರಿಂದ ಶುದ್ಧವಾಗಲಿಲ್ಲ. ಪೀಥಮ್‌ಪುರದ ಜನ ನಮ್ಮ ಊರಿಗೆ ಯಾಕೆ ತರುತ್ತೀರಿ ಅಂತ ಬೀದಿಗಿಳಿದರು, ಅವರ ಪ್ರಶ್ನೆಯಲ್ಲೂ ತಪ್ಪು ಹುಡುಕುವುದು ಕಷ್ಟ.

ಇನ್ನು, ಹೊಲಸು ಮಾಡಿದವನು ಒಬ್ಬನೇ ಅಲ್ಲ, ಎಲ್ಲರೂ ಆಗಿದ್ದರೆ? ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ನೆನಪು ಮಾಡಿಕೊಳ್ಳಿ. ನೊರೆ ಉಕ್ಕಿ ರಸ್ತೆಗೆ ಬಂತು, 2017ರ ಫೆಬ್ರುವರಿಯಲ್ಲಿ ಕೆರೆಗೆ ಬೆಂಕಿ ಬಿತ್ತು. ಊರಿಗೆ ಹೋದಾಗ ಇಲ್ಲಿನ ಸ್ನೇಹಿತರು "ನಿಮ್ಮಲ್ಲಿ ನೀರಿಗೂ ಬೆಂಕಿ ಹತ್ತುತ್ತಂತೆ" ಅಂತ ಕೇಳಿ ಕಳಿಸುತ್ತಿದ್ದರು. ಅಲ್ಲಿ ಮುಖ್ಯವಾಗಿ ಸೇರುತ್ತಿದ್ದದ್ದು ನಗರದ ಕೊಳಚೆ, ಲಕ್ಷಾಂತರ ಮನೆಗಳ ಬಚ್ಚಲ ನೀರು. ಯಾರ ಮೇಲೆ ಚಕ್ರಬಡ್ಡಿ ಹಾಕೋಣ? ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರಕ್ಕೆ 500 ಕೋಟಿ ರೂಪಾಯಿಯನ್ನು ಕೆರೆ ಸ್ವಚ್ಛತೆಗೆಂದೇ ಒಂದು ಎಸ್ಕ್ರೋ ಖಾತೆಯಲ್ಲಿ ಇಡಲು ಹೇಳಿತು. ಎಸ್ಕ್ರೋ ಅಂದರೆ ಹೇಳಿದ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ಮುಟ್ಟಲಾಗದ ಖಾತೆ. ಕೊಳಚೆ ಶುದ್ಧ ಮಾಡುವುದು ನಗರಾಡಳಿತದ ಕೆಲಸ, ಅದಕ್ಕೆ ಬೇಕಾದ ಕರ ಕೊಡುವುದು ನಮ್ಮ ಕೆಲಸ. ಇಲ್ಲಿ ಹಣ ನಮ್ಮ ಜೇಬಿನಿಂದ ಹೋದರೆ ಗೊಣಗುವಂತಿಲ್ಲ. ನೀರು ಕೆಡಿಸಿದವರಲ್ಲಿ ನಾವೂ ಇದ್ದೇವೆ.

ಈಗ ನನ್ನದೇ ವೃತ್ತಿಯ ಬಗ್ಗೆ ಒಂದು ಮಾತು. ಇದು ನನ್ನ ಸಹೋದ್ಯೋಗಿಗಳಿಗೆ ರುಚಿಸಲಿಕ್ಕಿಲ್ಲ. ಒಂದು ಕಾರ್ಖಾನೆ ದಿವಾಳಿಯಾದಾಗ ಉಳಿದ ಆಸ್ತಿ ಹಂಚಲು ಒಂದು ಸರದಿ ಇರುತ್ತದೆ. 2016ರ ದಿವಾಳಿ ಸಂಹಿತೆಯ 53ನೇ ಕಲಮಿನಲ್ಲಿ ಅದು ಇದೆ. ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕು ಸರಿಸಮವಾಗಿ, ಸರ್ಕಾರದ ಬಾಕಿ ಇನ್ನೂ ಕೆಳಗೆ. ಕೆಟ್ಟುಹೋದ ಬಾವಿಗೆ ಆ ಸರದಿಯಲ್ಲಿ ಪ್ರತ್ಯೇಕ ಜಾಗವೇ ಇಲ್ಲ. ಜಮೀನು ಹರಾಜು ಹಾಕಿ ನಾವು ನಮ್ಮ ಹಣ ತೆಗೆದುಕೊಂಡು ಹೋಗುತ್ತೇವೆ, ಅದರಡಿಯ ಕೆಸರು ಊರಿನ ಪಾಲಿಗೆ. ಸಾಲ ಮಂಜೂರು ಮಾಡುವಾಗ ಮಾಲಿನ್ಯ ಮಂಡಳಿಯ ಒಪ್ಪಿಗೆ ಪತ್ರ ನಮಗೆ ಫೈಲಿನಲ್ಲಿ ಇರಬೇಕಾದ ಒಂದು ಹಾಳೆ. ಯಂತ್ರದ ಸವಕಳಿಗೆ ವರ್ಷ ವರ್ಷ ಹಣ ತೆಗೆದಿಟ್ಟಿದ್ದಾರೋ ಅಂತ ನೋಡುತ್ತೇವೆ, ನೆಲದ ಸವಕಳಿಯನ್ನು ಯಾರೂ ಕೇಳುವುದಿಲ್ಲ.

ಕೇಳುವಂತೆ ಮಾಡಲು ಸಾಧ್ಯ ಅನ್ನುವುದಕ್ಕೂ ಚರಿತ್ರೆಯಲ್ಲಿ ಉದಾಹರಣೆ ಇದೆ. 1990ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟು, ಜಾರ್ಜಿಯಾದ ಒಂದು ಬಟ್ಟೆ ಮುದ್ರಣ ಕಾರ್ಖಾನೆಗೆ ಸಾಲ ಕೊಟ್ಟಿದ್ದ ಫ್ಲೀಟ್ ಫ್ಯಾಕ್ಟರ್ಸ್ ಎಂಬ ಸಂಸ್ಥೆಯ ಕೇಸಿನಲ್ಲಿ, ತ್ಯಾಜ್ಯದ ವಿಷಯದಲ್ಲಿ ಪ್ರಭಾವ ಬೀರಬಲ್ಲ ಸ್ಥಾನದಲ್ಲಿದ್ದರೆ ಸಾಲ ಕೊಟ್ಟವನೂ ಹೊಣೆಯಾಗಬಹುದು ಅಂದಿತು. ಅಲ್ಲಿನ ಬ್ಯಾಂಕುಗಳಿಗೆ ನಿದ್ದೆ ಹಾರಿಹೋಯಿತು. ಸಾಲ ಕೊಡುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವುದು ಅಲ್ಲಿ ರೂಢಿಯಾಗಲು ಈ ಹೆದರಿಕೆಯೂ ಕಾರಣ. 1996ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ ಬ್ಯಾಂಕುಗಳಿಗೆ ರಕ್ಷಣೆ ಕೊಟ್ಟಿತು. ಆದರೂ ಪಾಠ ಸ್ಪಷ್ಟ. ತನ್ನ ಹಣಕ್ಕೆ ಸಂಚಕಾರ ಬಂದಾಗ ಬ್ಯಾಂಕಿನವನಷ್ಟು ಚೆನ್ನಾಗಿ ತಪಾಸಣೆ ಮಾಡುವವನು ಇನ್ನೊಬ್ಬನಿಲ್ಲ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. 2010ರ ಹಸಿರು ನ್ಯಾಯಮಂಡಳಿ ಕಾಯಿದೆ ಪೊಲ್ಯೂಟರ್ ಪೇಸ್ ತತ್ವವನ್ನು ಹೆಸರಿಟ್ಟು ಹೇಳಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ತಂದಿದೆ. ಖರ್ಚು ಮಾಲಿನ್ಯ ಮಾಡಿದವನದು, ಅವನು ಸಿಗದಿದ್ದರೆ ಅಥವಾ ಅವನಿಗೆ ಶಕ್ತಿ ಇಲ್ಲದಿದ್ದರೆ ಸರ್ಕಾರದ್ದು ಎಂಬುದು ಅದರ ಸಾರ. ಒಳ್ಳೆಯದೇ. ಆದರೆ ಸಿಗದವನು, ಶಕ್ತಿ ಇಲ್ಲದವನು ಎಷ್ಟು ಜನ ಹುಟ್ಟಿಕೊಳ್ಳುತ್ತಾರೆ ಅನ್ನುವುದನ್ನು ಸಾಲ ವಸೂಲಿ ವಿಭಾಗದಲ್ಲಿ ಕೂತವರನ್ನು ಕೇಳಿ ನೋಡಿ!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಹಣ ಮೊದಲೇ ತೆಗೆದಿಡಬೇಕು. ಇದು ಹೊಸದೇನಲ್ಲ, 2009ರಿಂದ ನಮ್ಮ ಕಲ್ಲಿದ್ದಲು ಗಣಿಗಳು ಗಣಿ ಮುಚ್ಚುವ ಕಾಲದ ಖರ್ಚಿಗೆಂದು ವರ್ಷ ವರ್ಷ ಬ್ಯಾಂಕಿನ ಎಸ್ಕ್ರೋ ಖಾತೆಗೆ ಹಣ ಹಾಕಬೇಕು ಎಂಬ ನಿಯಮವಿದೆ. ಗಣಿಗೆ ಆಗುವುದಾದರೆ ವಿಷದ ಕೆಸರು ಹುಟ್ಟಿಸುವ ಕಾರ್ಖಾನೆಗೆ ಯಾಕಾಗದು? ಕೆಟ್ಟ ಮೇಲೆ ಸರ್ಕಾರ ತಕ್ಷಣ ಸ್ವಚ್ಛ ಮಾಡಲಿ, ಬಿಲ್ಲು ಆಮೇಲೆ ಹೋಗಲಿ, ಬಿಛ್ರಿಯ ಚಕ್ರಬಡ್ಡಿ ಅದರ ಮೇಲಿರಲಿ. ಮತ್ತು ಕಂಪನಿ ಮುಳುಗಿದರೆ ಆಸ್ತಿಯ ಮೇಲೆ ಮೊದಲ ಹಕ್ಕು ನೆಲ ನೀರಿನ ಸ್ವಚ್ಛತೆಗೆ ಇರಲಿ, ಬ್ಯಾಂಕು ಅದರ ಹಿಂದೆ ನಿಲ್ಲಲಿ. ನಮ್ಮ ಸಾಲಕ್ಕೆ ನಾವು ಬಡ್ಡಿ ತೆಗೆದುಕೊಳ್ಳುವುದೇ ನಷ್ಟದ ಅಪಾಯ ಹೊರುತ್ತೇವೆ ಅಂತ. ಬಿಛ್ರಿಯ ರೈತ ಯಾವ ಬಡ್ಡಿಯನ್ನೂ ಪಡೆದಿರಲಿಲ್ಲ, ಯಾವ ಅಪಾಯಕ್ಕೂ ಸಹಿ ಹಾಕಿರಲಿಲ್ಲ.

ನಮ್ಮ ಹಿರಿಯರ ಮಾತಿನಲ್ಲಿ ಮಾಡಿದವನು ಉಣ್ಣಬೇಕು ಅಂತಿದೆ. ಯಾವಾಗ ಉಣ್ಣಬೇಕು ಅಂತ ಅವರು ಹೇಳಿರಲಿಲ್ಲ. ಊಟಕ್ಕೆ ಕೂರುವ ಮುಂಚೆಯೇ ಕೂಪನ್ ತೆಗೆದುಕೊಳ್ಳುವ ಪದ್ಧತಿ ನಮ್ಮ ದರ್ಶಿನಿ ಹೋಟೆಲುಗಳಲ್ಲೇ ಇದೆ. ಕಾರ್ಖಾನೆಗಳಿಗೂ ಅದನ್ನು ಕಲಿಸಿದರೆ ಸಾಕು ಅನ್ನಿಸುತ್ತೆ. ನೀವೇನಂತೀರಿ?